ನಾಲ್ಕು ಸಲ ಸ್ಟ್ರಾ ಹಾಕಿಸಿದರೂ ಗಬ್ಬ ನಿಲ್ಲುತ್ತಿಲ್ಲ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಬೆಳಗ್ಗೆ ಆರು ಗಂಟೆಗೇ ಫೋನ್ ಬರುತ್ತದೆ. "ಸಾರ್, ನಮ್ಮ ಎಚ್‌ಎಫ್ ಹಸು ಮತ್ತೆ ಬೆದೆಗೆ ಬಂದೈತಿ. ಇದು ನಾಲ್ಕನೇ ಸಲ. ಹಸುವಿನಲ್ಲೇ ಏನೋ ದೋಷ ಇರ್ಬೇಕು, ನಿಲ್ಲವಲ್ದು. ಸಂತೆಗೆ ಹೊಡೆದುಬಿಡ್ಲಾ?"

ಹೊಡೆಯಬೇಡಿ. ಸ್ವಲ್ಪ ತಡೆಯಿರಿ. ದಾವಣಗೆರೆ ಸುತ್ತಮುತ್ತಲ ಹಳ್ಳಿಗಳಲ್ಲಿ 18 ವರ್ಷದಿಂದ ಹಸು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತಾ ಬಂದಿದ್ದೇನೆ. ನಿಲ್ಲದ ಹಸುವನ್ನು ಎಲ್ಲರೂ ಮೊದಲು ಬೈಯುತ್ತಾರೆ. ಆಮೇಲೆ ಹೋರಿಯ ವೀರ್ಯವನ್ನು ಬೈಯುತ್ತಾರೆ. ನಾನು ಕಂಡ ಹಾಗೆ ತಪ್ಪು ಜಾಸ್ತಿ ಇರುವುದು ಇವೆರಡರ ನಡುವೆ: ಯಾವ ಹೊತ್ತಿಗೆ ಹಾಕಿದರು, ಸ್ಟ್ರಾ (ಹೋರಿಯ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಸಣ್ಣ ಕೊಳವೆ) ಯಾವ ಸ್ಥಿತಿಯಲ್ಲಿತ್ತು, ಹಾಕಿದ ಕೈ ಎಲ್ಲಿ ಬಿಟ್ಟಿತು. ಹಾಗಾಗಿ ಹುಡುಕುವುದನ್ನು ಅಲ್ಲಿಂದಲೇ ಶುರು ಮಾಡಬೇಕು. ಹಸುವಿನ ಹೊಟ್ಟೆಯೊಳಗಿನ ರೋಗ ಹುಡುಕುವುದು ಕೊನೆಗೆ. ಯಾಕೆಂದರೆ ಮೊದಲಿನದನ್ನೆಲ್ಲ ನೋಡಲು ಕಾಸು ಖರ್ಚಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಸರಿಯಾಗಿದ್ದರೂ ಒಂದೇ ಸಲಕ್ಕೆ ಎಲ್ಲ ಹಸುಗಳೂ ನಿಲ್ಲಲ್ಲ. ನಮ್ಮ ಹಳ್ಳಿಗಳಲ್ಲಿ ಹತ್ತು ಹಸುಗಳಲ್ಲಿ ನಾಲ್ಕು ಮೊದಲ ಸ್ಟ್ರಾಗೇ ನಿಂತರೆ ಅದು ಚೆನ್ನಾಗಿ ಆದ ಕೆಲಸವೇ. ಎರಡು ಸಲ ತಪ್ಪಿದ್ದಕ್ಕೆ ಗಾಬರಿ ಬೇಡ. ಮೂರು ಸಲ ಸರಿಯಾದ ಬೆದೆಯಲ್ಲಿ ಹಾಕಿಸಿಯೂ ನಿಲ್ಲಲಿಲ್ಲ ಅಂದರೆ ಹುಡುಕಲೇಬೇಕು.

ಹುಡುಕುವ ಮುಂಚೆ ಒಂದು ಪ್ರಶ್ನೆ. ನಿಲ್ಲದೇ ಇರುವುದು ನಿಮ್ಮ ಒಂದೇ ಹಸುವಾ? ನಿಮ್ಮ ಕೊಟ್ಟಿಗೆಯ ಎಲ್ಲ ಹಸುಗಳಾ? ಅಥವಾ ಊರಲ್ಲಿ ನಾಲ್ಕಾರು ಮನೆಯಲ್ಲಿ ಇದೇ ಗೋಳಾ? ಒಂದೇ ಹಸುವಾದರೆ ಆ ಹಸುವಿನ ಕಡೆ ನೋಡಬೇಕು. ಒಂದು ಕೊಟ್ಟಿಗೆಯ ಎಲ್ಲ ಹಸುಗಳಾದರೆ ಮೇವು, ಬೆದೆ ಗುರುತಿಸುವ ರೀತಿ, ಇಲ್ಲವೇ ಹರಡುವ ರೋಗ. ಊರಿಗೆ ಊರೇ ಆದರೆ ನನ್ನಂಥವರು ಸ್ಟ್ರಾ ಇಡುವ ಜಾಡಿ ಮತ್ತು ಹಾಕುವ ಕೈ. ಈ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ದಾರಿ ಸವೆದ ಹಾಗೆ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಚನ್ನಗಿರಿ ತಾಲ್ಲೂಕಿನ ಒಂದು ಮನೆಯಲ್ಲಿ ಅಕ್ಕ ಒಬ್ಬರು ಕೊಟ್ಟಿಗೆಯ ಕಂಬದ ಪಕ್ಕ ಗೋಡೆ ಮೇಲೆ ಇದ್ದಲಿನಲ್ಲಿ ತಾರೀಖು ಬರೆದಿಟ್ಟಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಆ ಗೋಡೆ ಮಾತ್ರ ಯಾವ ಆಸ್ಪತ್ರೆಯ ರಿಜಿಸ್ಟರಿಗೂ ಕಡಿಮೆ ಇರಲಿಲ್ಲ. ಕರು ಹಾಕಿದ್ದು, ಬೆದೆ ಕಂಡಿದ್ದು, ಸ್ಟ್ರಾ ಹಾಕಿದ್ದು, ಮತ್ತೆ ಬಂದಿದ್ದು. ನಡುವಿನ ದಿನ ಎಣಿಸಿದೆ. 21, 20, 43.

ಈ ಮೂರು ಅಂಕಿಯಲ್ಲೇ ಎಷ್ಟೋ ವಿಷಯ ಇದೆ. ಹಸುವಿಗೂ ಎಮ್ಮೆಗೂ ಬೆದೆಯ ಚಕ್ರ ಸುಮಾರು 21 ದಿನ. 18ರಿಂದ 24ರೊಳಗೆ ಮತ್ತೆ ಬಂದರೆ ಮೊಟ್ಟೆಗೆ ವೀರ್ಯ ಸೇರಲೇ ಇಲ್ಲ, ಇಲ್ಲವೇ ಸೇರಿ ಕೆಲವೇ ದಿನದಲ್ಲಿ ಹಾಳಾಯಿತು ಅಂತ ಅರ್ಥ. ಹಾಕಿದ ಹೊತ್ತು, ಸ್ಟ್ರಾ, ಕೈ, ಇವನ್ನು ಅನುಮಾನಿಸಬೇಕಾದ್ದು ಇಲ್ಲೇ. 43 ಅಂದರೆ ಎರಡು ಚಕ್ರ. ನಡುವೆ ಒಂದು ಬೆದೆ ಯಾರ ಕಣ್ಣಿಗೂ ಬೀಳದೆ ಹೋಗಿದೆ. ಅಕ್ಕನಿಗೆ ಹೇಳಿದೆ, ಆಗ ನೆನಪಾಯಿತು: "ಹೌದು ನೋಡ್ರೀ, ಆ ವಾರ ತಂಗಿ ಮನೆ ಗೃಹಪ್ರವೇಶ ಅಂತ ಹರಿಹರಕ್ಕೆ ಹೋಗಿದ್ದೆ."

ಹತ್ತು ಹನ್ನೆರಡು ದಿನಕ್ಕೇ ಮತ್ತೆ ಬೆದೆ ಅಂತ ಫೋನ್ ಬಂದರೆ, ಎರಡರಲ್ಲಿ ಒಂದು ನಿಜವಾದ ಬೆದೆ ಅಲ್ಲ. ಸ್ಟ್ರಾ ಸುಳ್ಳು ಬೆದೆಗೆ ಹೋಗಿರಬಹುದು. 28, 32, 35 ಅಂತ ಬಂದರೆ ಕಥೆ ಬೇರೆ. ಗಬ್ಬ ನಿಂತಿತ್ತು, ಆಮೇಲೆ ಭ್ರೂಣ ಸತ್ತಿದೆ. ಇಲ್ಲಿ ಸ್ಟ್ರಾ ಹಾಕಿದವನ ತಪ್ಪು ಹುಡುಕಿ ಪ್ರಯೋಜನ ಇಲ್ಲ. ಬಿಸಿಲು, ಮೇವು, ಗರ್ಭಕೋಶದ ಸೋಂಕು, ಇವನ್ನು ನೋಡಬೇಕು.

ಮತ್ತೆ ಬೆದೆಗೇ ಬರಲಿಲ್ಲ ಅಂದರೆ ಗಬ್ಬ ಅಂತ ಖುಷಿ ಪಡಬೇಡಿ. ಎರಡು ತಿಂಗಳು ತುಂಬಿದ ಮೇಲೆ ಕೈ ಹಾಕಿಸಿ ಪರೀಕ್ಷೆ ಮಾಡಿಸಿ. ಹೊನ್ನಾಳಿ ಕಡೆಯ ಒಬ್ಬರು ಆರು ತಿಂಗಳು ಕಾದು ಹಸುವಿಗೆ ಹಿಂಡಿ ಜಾಸ್ತಿ ಮಾಡಿದ್ದರು. ನೋಡಿದರೆ ಗರ್ಭಕೋಶ ಖಾಲಿ. ಆ ಮನುಷ್ಯನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಬೆದೆ ತಪ್ಪಿದರೆ 21 ದಿನದ ಮೇವು, ಹುಲ್ಲು, ಕೂಲಿ ಎಲ್ಲ ಹೋಯಿತು. ಆರು ತಿಂಗಳು ಅಂದರೆ ಎಷ್ಟಾಯಿತು ಲೆಕ್ಕ ಹಾಕಿ.

ಹೊತ್ತು ಸರಿ ಇತ್ತಾ?

ಹಸುವಿನ ಬೆದೆ ಸುಮಾರು 12ರಿಂದ 18 ಗಂಟೆ ಇರುತ್ತದೆ. ಮೊಟ್ಟೆ ಬಿಡುಗಡೆ ಆಗುವುದು ಬೆದೆ ಇರುವಾಗ ಅಲ್ಲ. ಅದು ಇಳಿದ ಮೇಲೆ, ಹತ್ತು ಹನ್ನೆರಡು ಗಂಟೆ ಕಳೆದು. ಬಿಡುಗಡೆಯಾದ ಮೊಟ್ಟೆ ಬಾಳುವುದು ಕೆಲವೇ ಗಂಟೆ. ಹೆಪ್ಪುಗಟ್ಟಿಸಿದ ವೀರ್ಯವೂ ಒಳಗೆ ಹೋದ ಮೇಲೆ ಹೆಚ್ಚೆಂದರೆ ಒಂದು ದಿನ. ಹಾಗಾಗಿ ತುಂಬಾ ಬೇಗ ಹಾಕಿದರೆ ಮೊಟ್ಟೆ ಬರುವ ಹೊತ್ತಿಗೆ ವೀರ್ಯ ಸತ್ತಿರುತ್ತದೆ. ತಡ ಮಾಡಿದರೆ ಮೊಟ್ಟೆ ಹಳಸಿರುತ್ತದೆ. ಇದಕ್ಕೇ ಆ ಹಳೆಯ ನಿಯಮ: ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ.

ನಿಯಮ ಎಲ್ಲರಿಗೂ ಗೊತ್ತು. ಆದರೂ ತಪ್ಪುತ್ತದೆ. ಬೆಳಗ್ಗೆ ಐದಕ್ಕೆ ಹಸು ಕೂಗಿತು. ಆರಕ್ಕೆ ಡೈರಿಗೆ ಹಾಲು ಹಾಕಿ ಬರುವಾಗ ಅಲ್ಲೇ ಸಿಕ್ಕವನನ್ನು ಕರೆತಂದರು. ಏಳಕ್ಕೆ ಹಾಕಿ ಆಯಿತು. ಬೇಗ ಆಯಿತು ಅಂತ ಹೇಳಿದರೆ "ಮತ್ತೆ ಸಂಜೆ ನೀವು ಸಿಗ್ತೀರೋ ಇಲ್ವೋ" ಅಂತಾರೆ. ಅವರ ಮಾತೂ ನಿಜವೇ. ಅದಕ್ಕೆ ಬೆಳಗ್ಗೆ ಫೋನ್ ಮಾಡಿ ಸಂಜೆಯ ಹೊತ್ತು ಗಟ್ಟಿ ಮಾಡಿಕೊಳ್ಳಿ. ನನ್ನಂಥವರಿಗೂ ಅದೇ ಒಳ್ಳೆಯದು.

ಬೆದೆಯ ಗಟ್ಟಿ ಗುರುತು ಒಂದೇ: ಬೇರೆ ದನ ಮೇಲೆ ಹತ್ತಿದಾಗ ಅಲ್ಲಾಡದೆ ನಿಲ್ಲುವುದು. ಹತ್ತುವ ಹಸುವೇ ಬೆದೆಯಲ್ಲಿದೆ ಅಂದುಕೊಳ್ಳಬೇಡಿ, ಕೆಳಗೆ ನಿಂತದ್ದನ್ನು ನೋಡಿ. ಕೂಗುವುದು, ಹಾಲು ಕಡಿಮೆಯಾಗುವುದು, ಪದೇ ಪದೇ ಗಂಜಲ ಹಾಕುವುದು, ಮೇವು ಬಿಡುವುದು ಎಲ್ಲ ಅದಕ್ಕೆ ಜೊತೆ ಸೇರುವ ಗುರುತು, ಒಂದೊಂದೇ ಸಾಕಾಗಲ್ಲ. ಒಂದೇ ಹಸು ಕಟ್ಟಿದವರಿಗೆ ಹತ್ತಲು ಇನ್ನೊಂದು ದನ ಇರಲ್ಲ ಅಲ್ವಾ? ಅಂಥವರು ನಸುಕಿನಲ್ಲಿ ಹಸು ಏಳುವ ಮುಂಚೆ ಬ್ಯಾಟರಿ ಹಿಡಿದು ಅದರ ಬಾಲದ ಹಿಂದಿನ ನೆಲ ನೋಡಬೇಕು. ಮಲಗಿದಾಗ ಲೋಳೆ ಜಾರಿ ನೆಲದ ಮೇಲೆ ಬಿದ್ದಿರುತ್ತದೆ. ಹಸು ಎದ್ದು ಸಗಣಿ ಹಾಕಿತು, ನೀವು ಕಸ ಗುಡಿಸಿದಿರಿ ಅಂದರೆ ಸಾಕ್ಷಿಯೇ ಹೋಯಿತು.

ಬೆದೆ ಮುಗಿದು ಎರಡನೇ ದಿನ ಕೆಲವು ಹಸುಗಳಿಗೆ, ಅದರಲ್ಲೂ ಕಡಸುಗಳಿಗೆ, ಬಾಲದ ಹತ್ತಿರ ರಕ್ತದ ಕಲೆ ಕಾಣುತ್ತದೆ. ಇದನ್ನು ನೋಡಿ ಹೆದರಿ ಫೋನ್ ಮಾಡುತ್ತಾರೆ. ಇದು ರೋಗ ಅಲ್ಲ. ಗಬ್ಬ ನಿಂತಿತು, ನಿಲ್ಲಲಿಲ್ಲ ಅನ್ನುವುದನ್ನೂ ಇದು ಹೇಳಲ್ಲ. ಬೆದೆ ಮುಗಿದುಹೋಗಿದೆ ಅಂತ ಮಾತ್ರ ಹೇಳುತ್ತದೆ. ಆ ದಿನ ಸ್ಟ್ರಾ ಹಾಕಿಸಿದರೆ ದಂಡ. ತಾರೀಖು ಬರೆದುಕೊಂಡು 18ನೇ ದಿನದಿಂದ ಕಣ್ಣಿಡಿ, ಮುಂದಿನ ಬೆದೆ ಸಿಗುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಕಡೆ ದನ ಇಡೀ ದಿನ ಹೊರಗೆ ಮೇಯುತ್ತವೆ. ಅಲ್ಲಿ ಬೆದೆ ಕಾಣುವುದು ಮನೆಯವರಿಗಲ್ಲ, ದನ ಕಾಯುವವರಿಗೆ. ನಾನು ಅಲ್ಲಿಗೆ ಹೋದಾಗ ಮೊದಲು ಮಾತಾಡಿಸುವುದು ಅವರನ್ನೇ. "ಅಣ್ಣಾ, ನಿನ್ನೆ ಈ ಹಸು ಯಾವ ಹೊತ್ತಿಗೆ ನಿಂತಿತ್ತು?" ಅಂತ ಕೇಳಿದರೆ ಹೊತ್ತು ಇಂತಿಷ್ಟು ಏರಿದಾಗ ಅಂತ ಸೂರ್ಯನನ್ನು ತೋರಿಸಿ ಹೇಳುತ್ತಾರೆ. ಅದಕ್ಕಿಂತ ಸರಿಯಾದ ಉತ್ತರ ನನಗೆ ಬೇಡ.

ಎಮ್ಮೆ ಇನ್ನೂ ಕಷ್ಟ. ಬೆದೆ ರಾತ್ರಿ ಜಾಸ್ತಿ, ಗುರುತು ಕಡಿಮೆ. ಲೋಳೆ ನೂಲಿನ ಹಾಗೆ ಜೋತುಬೀಳುವುದು ಅಪರೂಪ. ಬೇಸಿಗೆಯಲ್ಲಂತೂ ಮೂಕ ಬೆದೆ, ಗುರುತೇ ಕಾಣಲ್ಲ. ಮಳೆಗಾಲ ಕಳೆದು ಚಳಿಗಾಲ ಬಂತು ಅಂದರೆ ಸರಿಯಾಗಿ ಬೆದೆಗೆ ಬರುತ್ತವೆ. ಏಪ್ರಿಲ್‌ನಲ್ಲಿ ಎಮ್ಮೆ ಬೆದೆಗೆ ಬರಲಿಲ್ಲ ಅಂತ ಔಷಧಿ ಹುಡುಕುವ ಬದಲು ದಿನಕ್ಕೆ ಎರಡು ಸಲ ನೀರು ಹೊಯ್ಯಿರಿ, ಕೆರೆ ಇದ್ದರೆ ಬಿಡಿ, ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಕಟ್ಟಬೇಡಿ.

ಜಾಡಿ, ಸ್ಟ್ರಾ ಮತ್ತು ನನ್ನದೇ ಒಂದು ಬೇಸಿಗೆ

ಇದನ್ನು ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ರೈತರ ಕಣ್ಣಿಗೆ ಬೀಳದ ಜಾಗ ಇದು.

ಕೆಲವು ವರ್ಷದ ಹಿಂದೆ ಒಂದು ಏಪ್ರಿಲ್. ಎರಡು ವಾರದಲ್ಲಿ ನಾನು ಹಾಕಿದ 11 ಹಸುಗಳು ಒಂದರ ಹಿಂದೆ ಒಂದು ಬೆದೆಗೆ ಮರಳಿದವು. ಐದು ಊರು, ಒಂಬತ್ತು ಮನೆ. ಒಬ್ಬರದು ಭದ್ರಾ ನಾಲೆ ನೀರಿನ ಹಸಿ ಮೇವು, ಇನ್ನೊಬ್ಬರದು ಬರೀ ಮೆಕ್ಕೆಜೋಳದ ದಂಟು. ಹಸುಗಳೂ ಬೇರೆ ಬೇರೆ, ಹೋರಿಗಳೂ ಬೇರೆ ಬೇರೆ. ಎಲ್ಲದಕ್ಕೂ ಸಮಾನ ಅಂತ ಇದ್ದದ್ದು ಎರಡೇ: ನನ್ನ ಕೈ, ನನ್ನ ಬೈಕಿನ ಹಿಂದಿನ ಮೂರು ಲೀಟರ್ ಜಾಡಿ.

ಆ ರಾತ್ರಿ ಜಾಡಿಯನ್ನು ಮನೆಯೊಳಗೆ ತಂದು ಎದುರಿಗಿಟ್ಟುಕೊಂಡು ಕೂತೆ. ಬೆಳಗಿನ ಜಾವ ನೋಡಿದರೆ ಕುತ್ತಿಗೆಯ ಸುತ್ತ ಬೆವರು. ಕೈಯಿಟ್ಟರೆ ತಣ್ಣಗೆ, ಒದ್ದೆ. ಒಳ್ಳೆಯ ಜಾಡಿಯ ಹೊರಮೈ ಹಾಗಿರಬಾರದು. ಎರಡು ಗೋಡೆಗಳ ನಡುವೆ ಗಾಳಿ ತೆಗೆದ ಜಾಗ ಇರುತ್ತದೆ, ಥರ್ಮಾಸ್ ಫ್ಲಾಸ್ಕಿನ ಹಾಗೆ. ಅಲ್ಲಿಗೆ ಗಾಳಿ ಹೊಕ್ಕರೆ ಒಳಗಿನ ತಂಪು ಹೊರಗೆ ಬರುತ್ತದೆ, ಸ್ಟ್ರಾಗಳನ್ನು ತಂಪಾಗಿಡುವ ದ್ರವ ಸಾರಜನಕ ಆವಿಯಾಗಿ ಹೋಗುತ್ತದೆ. ಮರದ ಅಳತೆಕೋಲು ಅದ್ದಿ ತೆಗೆದು ಗಾಳಿಯಲ್ಲಿ ಆಡಿಸಿದೆ. ಬಿಳಿ ಮಂಜು ಕಟ್ಟಿದ್ದು ತುದಿಯಲ್ಲಿ ಮೂರು ಬೆರಳಿನಷ್ಟು ಮಾತ್ರ, ಅಂದರೆ ಸಾರಜನಕ ಅಷ್ಟೇ ಉಳಿದಿತ್ತು. ತುಂಬಿಸಿ ನಾಲ್ಕೇ ದಿನ ಆಗಿತ್ತು.

ದ್ರವ ಸಾರಜನಕದ ತಂಪು ಮೈನಸ್ 196 ಡಿಗ್ರಿ. ಸ್ಟ್ರಾ ಅದರಲ್ಲಿ ಮುಳುಗಿದ್ದರೆ ವರ್ಷಗಟ್ಟಲೆ ಏನೂ ಆಗಲ್ಲ. ಮಟ್ಟ ಇಳಿದು ಸ್ಟ್ರಾದ ಮೇಲಿನ ತುದಿ ಹೊರಗೆ ಬಂತು ಅಂದುಕೊಳ್ಳಿ. ಮುಚ್ಚಳ ತೆಗೆದು ಹಾಕುವಾಗೆಲ್ಲ ಅದು ಅಷ್ಟಷ್ಟು ಬಿಸಿಯಾಗುತ್ತದೆ. ಆಗ ಒಳಗಿನ ಸಣ್ಣ ಹಿಮದ ಹರಳುಗಳು ಕರಗಿ ಸೇರಿ ದೊಡ್ಡವಾಗುತ್ತವೆ, ವೀರ್ಯಾಣುವಿನ ಪೊರೆ ಹರಿಯುತ್ತದೆ. ಮತ್ತೆ ಸಾರಜನಕ ತುಂಬಿಸಿದರೆ ಗಟ್ಟಿಯಾಗುತ್ತದೆ, ಆದರೆ ಸತ್ತದ್ದು ಸತ್ತಂತೆ. ಹೊರಗಿಂದ ನೋಡಿದರೆ ಸ್ಟ್ರಾ ಹೊಸದರ ಹಾಗೇ ಇರುತ್ತದೆ. ಅದೇ ಇದರ ಮೋಸ. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಾಲ್ ಸೇರಿಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಬದುಕುತ್ತದೆ ಅಂತ ಕಂಡುಕೊಂಡರು. ಇವತ್ತಿನ ಪ್ರತಿ ಸ್ಟ್ರಾ ನಿಂತಿರುವುದು ಆ ಕಂಡುಹಿಡಿತದ ಮೇಲೆ. ಆದರೆ ಗ್ಲಿಸರಾಲ್ ಕಾಯುವುದು ಒಂದೇ ಸಲ ಹೆಪ್ಪುಗಟ್ಟಿ ಒಂದೇ ಸಲ ಕರಗುವಾಗ. ಹತ್ತು ಸಲ ಅರ್ಧಂಬರ್ಧ ಕರಗಿದರೆ ಅದೂ ಕೈಬಿಡುತ್ತದೆ.

ನನ್ನ ಜಾಡಿಯ ಒಂದು ಸ್ಟ್ರಾ, ಅದೇ ಬ್ಯಾಚಿನದು ದೊಡ್ಡ ಜಾಡಿಯ ಒಂದು ಸ್ಟ್ರಾ ತೆಗೆದುಕೊಂಡು ಪಶು ಆಸ್ಪತ್ರೆಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆವು. ದೊಡ್ಡ ಜಾಡಿಯದು ಕುದಿಯುವ ಎಸರಿನ ಹಾಗೆ ಓಡಾಡುತ್ತಿತ್ತು. ಕರಗಿಸಿದ ಮೇಲೆ ನೂರಕ್ಕೆ 50 ಆದರೂ ಮುಂದಕ್ಕೆ ಈಜುತ್ತಿರಬೇಕು ಅನ್ನುವುದು ನಮ್ಮಲ್ಲಿನ ಅಳತೆ. ನನ್ನ ಜಾಡಿಯದು ಕಾಣುವಷ್ಟು ಹೊತ್ತೂ ಅಲ್ಲಾಡಲಿಲ್ಲ. ಎರಡು ಮೂರು ಬಾಲ ಮಾತ್ರ ಮಿಡಿದವು. ಆ ಒಂಬತ್ತು ಮನೆಗೂ ಹೋಗಿ ಹೇಳಿದೆ, ಹಸುವಿನ ತಪ್ಪಿಲ್ಲ, ನನ್ನ ಜಾಡಿ ಹಾಳಾಗಿತ್ತು ಅಂತ. ಮುಂದಿನ ಬೆದೆಗೆ ದುಡ್ಡು ತಗೊಳ್ಳದೆ ಹಾಕಿದೆ. ಒಬ್ಬರು ಆಗಲೇ ಹಸು ಮಾರಿಬಿಟ್ಟಿದ್ದರು. ಅದೊಂದು ನನಗೆ ಇವತ್ತಿಗೂ ಕೊರೆಯುತ್ತದೆ.

ಅಂದಿನಿಂದ ಪ್ರತಿ ಸೋಮವಾರ, ಗುರುವಾರ ಕೋಲು ಅದ್ದಿ ಮಟ್ಟ ಬರೆದಿಡುತ್ತೇನೆ. ನಿಮ್ಮ ಊರಿಗೆ ಬರುವವರನ್ನೂ ಕೇಳಿ, "ಜಾಡಿ ಮಟ್ಟ ಎಷ್ಟಿದೆ ಸಾರ್?" ಅಂತ. ಕೇಳಿದರೆ ಬೇಜಾರು ಮಾಡಿಕೊಳ್ಳುವ ವಿಷಯ ಅಲ್ಲ ಇದು.

ನಿಮ್ಮ ಕೊಟ್ಟಿಗೆಯಲ್ಲಿ ಸ್ಟ್ರಾ ಹೊರಗೆ ಬಂದ ಮೇಲೆ ನಡೆಯುವುದನ್ನು ನೀವೇ ಕಣ್ಣಾರೆ ನೋಡಬಹುದು. ಸ್ಟ್ರಾಗಳಿರುವ ಡಬ್ಬಿಯನ್ನು ಜಾಡಿಯ ಕುತ್ತಿಗೆಯಿಂದ ಮೇಲಕ್ಕೆ ಎತ್ತಬಾರದು. ಒಳಗೇ ಇಟ್ಟು ಇಕ್ಕಳದಿಂದ ಒಂದೇ ಸ್ಟ್ರಾ ಎತ್ತಬೇಕು, ಹತ್ತು ಸೆಕೆಂಡಿನೊಳಗೆ ಮುಗಿಯಬೇಕು. ಸಿಗಲಿಲ್ಲವಾ, ಡಬ್ಬಿ ಮತ್ತೆ ಕೆಳಕ್ಕೆ ಬಿಟ್ಟು ಸ್ವಲ್ಪ ತಡೆದು ಹುಡುಕಬೇಕು. ಆಮೇಲೆ 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್. ಕೈಗೆ ಬೆಚ್ಚಗಿದೆ ಅನ್ನುವ ಅಂದಾಜು ಬೇಡ, ಥರ್ಮಾಮೀಟರ್ ಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸುವುದು, ಜೇಬಿನಲ್ಲಿ ಇಟ್ಟುಕೊಳ್ಳುವುದು, ಬಾಯಲ್ಲಿ ಕಚ್ಚುವುದು ಎಲ್ಲ ತಪ್ಪು. ನೀರಿನಿಂದ ತೆಗೆದ ಸ್ಟ್ರಾವನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಬೇಕು. ಕತ್ತರಿಸುವಾಗ ಒಂದು ತೊಟ್ಟು ನೀರು ಒಳಗೆ ಸೇರಿದರೂ ವೀರ್ಯಾಣು ಉಬ್ಬಿ ಸಾಯುತ್ತವೆ. ಸೋಪು, ಸ್ಪಿರಿಟ್, ಡೆಟಾಲ್ ಸೋಕಿದರೂ ಅಷ್ಟೇ. ಗನ್ (ಸ್ಟ್ರಾ ಇಟ್ಟು ವೀರ್ಯ ಒಳಗೆ ಬಿಡುವ ಲೋಹದ ಕಡ್ಡಿ) ತೊಳೆದು ಶುದ್ಧ ಮಾಡಿದೆ ಅನ್ನುವ ಅತಿ ಕಾಳಜಿಯೇ ಎಷ್ಟೋ ಸಲ ಕೆಲಸ ಕೆಡಿಸುತ್ತದೆ.

ಡಿಸೆಂಬರ್ ಬೆಳಗ್ಗೆ ಗನ್ ತಣ್ಣಗಿರುತ್ತದೆ. ಬೆಚ್ಚಗಿನ ಸ್ಟ್ರಾ ತಣ್ಣನೆಯ ಲೋಹಕ್ಕೆ ಹೋದರೆ ಮತ್ತೆ ಪೆಟ್ಟು. ಮೊದಲು ಬಟ್ಟೆಯಿಂದ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ಲೋಡ್ ಮಾಡಿದ ಗನ್ನಿಗೆ ಬಿಸಿಲು ತಾಗಬಾರದು. ಕರಗಿದ ಮೇಲೆ ಹತ್ತು ಹದಿನೈದು ನಿಮಿಷದೊಳಗೆ ಹಸುವಿನ ಒಳಗೆ ಹೋಗಬೇಕು. ಅದಕ್ಕೇ ಹಸುವನ್ನು ಕಟ್ಟಿ, ಸಗಣಿ ತೆಗೆದು, ಬೆದೆ ಹೌದಾ ಅಂತ ನೋಡಿದ ಮೇಲೆ ಸ್ಟ್ರಾ ತೆಗೆಯಬೇಕು. ಸ್ಟ್ರಾ ಕರಗಿಸಿ ಆಮೇಲೆ ಹಸು ಹಿಡಿಯಲು ಓಡಾಡಬಾರದು.

ಖಾಲಿ ಸ್ಟ್ರಾ ಬಿಸಾಕಲು ಬಿಡಬೇಡಿ. ಅದರ ಮೇಲೆ ಹೋರಿಯ ನಂಬರು, ತಳಿ, ಬ್ಯಾಚು ಅಚ್ಚಾಗಿರುತ್ತದೆ. ಕ್ಯಾಲೆಂಡರಿಗೆ ಸೆಲ್ಲೋಟೇಪ್ ಹಾಕಿ ಅಂಟಿಸಿಬಿಡಿ. ಊರಿನ ನಾಲ್ಕು ಮನೆಯಲ್ಲಿ ಒಂದೇ ಬ್ಯಾಚು ನಿಲ್ಲದಿದ್ದರೆ ಆಗ ಗೊತ್ತಾಗುತ್ತದೆ.

ಕೈ

ಇದರ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ, ಬರೆದು ಕಲಿಸುವ ವಿದ್ಯೆ ಅಲ್ಲ. ಗರ್ಭಕೊರಳಿನ ಉಂಗುರಗಳನ್ನು ದಾಟಿ ಗನ್ನಿನ ತುದಿ ಗರ್ಭಕೋಶದ ಬಾಯೊಳಗೆ ಕಂಡೂ ಕಾಣದಷ್ಟು ಇಣುಕಬೇಕು, ಅಲ್ಲಿ ನಿಧಾನ ಐದು ಎಣಿಸುತ್ತಾ ಬಿಡಬೇಕು. ಇಪ್ಪತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಸಿ ಬೈಕ್ ಹತ್ತಿದರೆ ವೀರ್ಯ ಕೊರಳಿನ ಹೊರಗೇ ಬಿದ್ದಿದೆ ಅಂತ ಅನುಮಾನ ಪಡಿ. ಆತುರ ಒಂದು ತಪ್ಪಾದರೆ, ಜೋರು ಮಾಡುವುದು ಇನ್ನೊಂದು. ಗನ್ನಿನ ಮೇಲೆ ರಕ್ತ ಬಂದರೆ ಒಳಗೆ ಗಾಯ ಆಗಿದೆ. ಇನ್ನೊಂದು ಎಚ್ಚರ: ಗಬ್ಬದ ಹಸುಗಳೂ ಕೆಲವು ಬೆದೆಯ ಗುರುತು ತೋರಿಸುತ್ತವೆ. ಹಿಂದೆ ಸ್ಟ್ರಾ ಹಾಕಿಸಿದ್ದರೆ ಅದನ್ನು ಬಂದವರಿಗೆ ಹೇಳಲೇಬೇಕು. ಹೇಳದೆ ಹಾಕಿಸಿದರೆ ಒಳಗಿರುವ ಕರುವೇ ಹೋಗಬಹುದು.

ಕೊನೆಗೆ ಹಸು

ಹೊತ್ತು ಸರಿ, ಜಾಡಿ ಸರಿ, ಕೈ ಸರಿ. ಆದರೂ ನಿಲ್ಲುತ್ತಿಲ್ಲ. ಈಗ ಹಸುವಿನ ಲೋಳೆ ನೋಡಿ. ಅಂಗೈ ತೊಳೆದು ಒರೆಸಿಕೊಂಡು ಜೋತುಬಿದ್ದ ಲೋಳೆಯನ್ನು ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಆಕಾಶದ ಬೆಳಕಿಗೆ ಹಿಡಿಯಿರಿ. ಮೊಟ್ಟೆಯ ಬಿಳಿ ಲೋಳೆಯ ಹಾಗೆ, ಗಾಜಿನ ಹಾಗೆ ತಿಳಿಯಾಗಿದ್ದು ಎಳೆ ತುಂಡಾಗದೆ ಬಂದರೆ ಒಳ್ಳೆಯದು. ಒಳಗೆ ಅಕ್ಕಿನುಚ್ಚಿನಂಥ ಬಿಳಿ ಚೂರು ತೇಲುತ್ತಿದ್ದರೆ, ಮಜ್ಜಿಗೆಯ ಹಾಗೆ ಮಬ್ಬಾಗಿದ್ದರೆ, ವಾಸನೆ ಬಂದರೆ ಗರ್ಭಕೋಶದಲ್ಲಿ ಸೋಂಕಿದೆ. ಆ ಬೆದೆಗೆ ಸ್ಟ್ರಾ ಹಾಕಿಸಬೇಡಿ. ಪಶುವೈದ್ಯರಿಂದ ಔಷಧಿ ಮಾಡಿಸಿ, ಲೋಳೆ ತಿಳಿಯಾದ ಮೇಲೆ ಮುಂದಿನ ಬೆದೆ ನೋಡಿ. ಕರು ಹಾಕಿದಾಗ ಮಾಸು ಬೀಳದೆ ಕೈಯಿಂದ ಎಳೆಸಿದ ಹಸುಗಳಲ್ಲಿ ಇದನ್ನು ಜಾಸ್ತಿ ಕಂಡಿದ್ದೇನೆ.

ಕರು ಹಾಕಿ 60 ದಿನ ಆಗುವವರೆಗೆ ಹಾಕಿಸಲು ಆತುರ ಬೇಡ, ಗರ್ಭಕೋಶ ಮೊದಲಿನ ಹಾಗೆ ಆಗಬೇಕು. ಮಿಶ್ರತಳಿ ಕಡಸಿಗೆ ವಯಸ್ಸು ಎಣಿಸುವುದಕ್ಕಿಂತ ತೂಕ ನೋಡಿ, 250 ಕೆಜಿ ಹತ್ತಿರ ಬರಲಿ.

ಮೇವಿನ ವಿಷಯ. ಭತ್ತದ ಸೀಮೆಯಲ್ಲಿ ಬರೀ ಭತ್ತದ ಹುಲ್ಲು, ಮೆಕ್ಕೆಜೋಳ ಬೆಳೆಯುವ ಕಡೆ ಬರೀ ದಂಟು. ಎರಡರಲ್ಲೂ ರಂಜಕ ಕಡಿಮೆ. ಚಿತ್ರದುರ್ಗದ ಒಣ ಸೀಮೆಯಲ್ಲಿ ಮಳೆ ಹೋದ ವರ್ಷ ಹಸಿರೇ ಸಿಗಲ್ಲ, ಎ ವಿಟಮಿನ್ ಕೊರತೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ಹಿಂಡಿಯಲ್ಲಿ ಕಲಸಿ ಕೊಡಿ, ಎರಡು ತಿಂಗಳು ಬಿಡದೆ. ಜಂತುವಿನ ಔಷಧಿ ಕುಡಿಸಿ. ಹತ್ತು ದಿನ ಕೊಟ್ಟು ಏನೂ ಆಗಲಿಲ್ಲ ಅಂದರೆ ಅದು ಮಿಶ್ರಣದ ತಪ್ಪಲ್ಲ. ಕರು ಹಾಕಿದ ಮೇಲೆ ಹಾಲು ಏರುತ್ತಾ, ಮೈ ಇಳಿಯುತ್ತಾ, ಪಕ್ಕೆಲುಬು ಎಣಿಸುವ ಹಾಗಾಗಿದ್ದರೆ ಆ ಹಸು ಬೆದೆಗೆ ಬಂದರೂ ನಿಲ್ಲುವುದು ಕಷ್ಟ. ಮೊದಲು ಮೈ ಹಿಡಿಯಲಿ.

ಆರೇಳು ತಿಂಗಳಿಗೆ ಹಸು ಕಂದು ಹಾಕಿದರೆ ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ಅನ್ನುವ ಹರಡುವ ರೋಗ ಇರಬಹುದು, ಅದು ಮನುಷ್ಯರಿಗೂ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ನಡುವೆ ಒಂದೇ ಸಲ ಹಾಕುವ ಲಸಿಕೆ ಇದೆ. ಸ್ಟ್ರಾಗೆ ನಿಲ್ಲಲಿಲ್ಲ ಅಂತ ಊರ ಹೋರಿಯ ಹತ್ತಿರ ಹೊಡೆದುಕೊಂಡು ಹೋಗುವವರಿಗೆ ನಾನು ಬೇಡ ಅನ್ನುವುದು ಇಂಥ ರೋಗಗಳಿಗಾಗಿಯೇ.

ಕುದುರೆಗೆ ಈ ಲೆಕ್ಕ ಹಾಕಬೇಡಿ

ಹೋದ ವರ್ಷ ತೋಟದ ಮನೆಯಲ್ಲಿ ಪುಟ್ಟ ಕುದುರೆ ಸಾಕಿದ ಒಬ್ಬರು ಕರೆದರು. ಎರಡು ಹೆಣ್ಣು, ಸೊಂಟದೆತ್ತರ. ಅಮೆರಿಕದ ಮಿನಿಯೇಚರ್ ಕುದುರೆ ಸಂಘದ ನಿಯಮದಲ್ಲಿ ಎತ್ತರ 34 ಇಂಚು ಮೀರಬಾರದು, ಇವು ಅದಕ್ಕಿಂತ ಸ್ವಲ್ಪ ಎತ್ತರ. "ಹಸುವಿಗೆ ಹಾಕಿದ ಹಾಗೆ ಇದಕ್ಕೂ ಒಳ್ಳೆ ಗಂಡಿನ ಸ್ಟ್ರಾ ತಂದು ಹಾಕಿ ಸಾರ್" ಅಂದರು. ಹಿಂದೆ ಯಾರೋ ಒಮ್ಮೆ ಪ್ರಯತ್ನಿಸಿ ನಿಂತಿರಲಿಲ್ಲ. ನಾನು ಕೈ ಹಾಕಲಿಲ್ಲ. ಯಾಕೆ ಅಂತ ಅವರ ಜೊತೆ ಕೂತು ಬಿಡಿಸಿ ಹೇಳಿದೆ, ಇಲ್ಲೂ ಹೇಳುತ್ತೇನೆ.

ಹೆಪ್ಪುಗಟ್ಟಿಸಿದ ವೀರ್ಯದಿಂದ ಕುದುರೆ ಗಬ್ಬ ನಿಂತದ್ದು ಕೆನಡಾದಿಂದ 1957ರಲ್ಲೇ ವರದಿಯಾಗಿದೆ. ನಮ್ಮ ರಾಜ್ಯಕ್ಕೂ ಈ ವಿದ್ಯೆ ಹೊಸದಲ್ಲ, ಭಾರತದಲ್ಲಿ ಕೃತಕ ಗರ್ಭಧಾರಣೆ ಶುರುವಾದದ್ದು 1939ರಲ್ಲಿ ಮೈಸೂರಿನ ಅರಮನೆ ಡೈರಿಯಲ್ಲಿ, ಹಳ್ಳಿಕಾರ್ ಹಸುಗಳ ಮೇಲೆ. ಹಾಗಿದ್ದರೂ ಹಸುವಿನಲ್ಲಿ ಮನೆಮಾತಾದದ್ದು ಕುದುರೆಯಲ್ಲಿ ಇನ್ನೂ ನಾಜೂಕಿನ ಕೆಲಸ. ಕೆಲವು ಗಂಡುಕುದುರೆಗಳ ವೀರ್ಯ ಹೆಪ್ಪುಗಟ್ಟುವುದನ್ನೇ ತಾಳುವುದಿಲ್ಲ. ತಾಜಾ ವೀರ್ಯದಲ್ಲಿ ಮರಿ ಕೊಟ್ಟ ಗಂಡೂ ಸ್ಟ್ರಾದಲ್ಲಿ ಸೋಲಬಹುದು. ಹಸುವಿಗೆ ಕಾಲು ಮಿಲಿಯ ಒಂದು ಸ್ಟ್ರಾ, ಅದರಲ್ಲಿ ಸುಮಾರು 2 ಕೋಟಿ ವೀರ್ಯಾಣು ಸಾಕು. ಕುದುರೆಗೆ ಸಾಮಾನ್ಯವಾಗಿ ಅರ್ಧ ಮಿಲಿಯ ಹಲವು ಸ್ಟ್ರಾ ಸೇರಿಸಿ, ಈಜುವ ವೀರ್ಯಾಣುಗಳೇ 25 ಕೋಟಿಯಷ್ಟು ಇರಬೇಕು.

ಮುಖ್ಯ ತೊಡಕು ಹೊತ್ತಿನದು. ಹೆಣ್ಣುಕುದುರೆಯ ಬೆದೆ ಐದಾರು ದಿನ ಇರುತ್ತದೆ, ಮೊಟ್ಟೆ ಬಿಡುವುದು ಕೊನೆಯ ಒಂದೆರಡು ದಿನದಲ್ಲಿ. ಕರಗಿಸಿದ ವೀರ್ಯ ಅದರೊಳಗೆ ಬಾಳುವುದು ಸುಮಾರು 12 ಗಂಟೆ. ಬೆಳಗ್ಗೆ ಕಂಡರೆ ಸಂಜೆ ಅನ್ನುವ ನಿಯಮ ಇಲ್ಲಿ ನಡೆಯಲ್ಲ. ಸ್ಕ್ಯಾನ್ ಮಾಡಿ ಅಂಡಾಶಯದಲ್ಲಿ ಮೊಟ್ಟೆ ಇರುವ ಗುಳ್ಳೆ ಬೆಳೆಯುವುದನ್ನು ದಿನವೂ ನೋಡಬೇಕು. ಅದು 35 ಮಿಲಿಮೀಟರ್ ಹತ್ತಿರ ಬಂದಾಗ ಮೊಟ್ಟೆ ಬಿಡಿಸುವ ಹಾರ್ಮೋನ್ ಇಂಜೆಕ್ಷನ್ ಕೊಟ್ಟು, ಆಮೇಲೆ ಆರೆಂಟು ಗಂಟೆಗೊಮ್ಮೆ ಸ್ಕ್ಯಾನ್ ಮಾಡಿ, ಗುಳ್ಳೆ ಒಡೆದ ಆರು ಗಂಟೆಯೊಳಗೆ ಹಾಕುವುದು ಒಂದು ದಾರಿ. ಪುಟ್ಟ ತಳಿಗಳಲ್ಲಿ ಗುಳ್ಳೆ ಇನ್ನೂ ಚಿಕ್ಕದಿದ್ದಾಗಲೇ ಒಡೆಯಬಹುದು. ಹಾಗಾಗಿ ಅಳತೆಗಿಂತ ಆ ಕುದುರೆಯ ಹಿಂದಿನ ಬೆದೆಯ ದಾಖಲೆ ಮುಖ್ಯ.

ಪುಟ್ಟ ಕುದುರೆಯಲ್ಲಿ ಇನ್ನೊಂದು ಕಷ್ಟ, ಒಳಗೆ ಕೈ ಹಾಕುವುದೇ ಅಪಾಯ. ನನ್ನ ಕೈ ಹಸುವಿಗೆ ಒಗ್ಗಿದ್ದು. ಕುದುರೆಯ ಗುದನಾಳ ಬೇಗ ಹರಿಯುತ್ತದೆ, ಹರಿದರೆ ಜೀವವೇ ಹೋಗಬಹುದು. ಸಣ್ಣ ಕೈಯ, ಕುದುರೆಯಲ್ಲಿ ಪಳಗಿದ ವೈದ್ಯರು ಬೇಕು, ಇಲ್ಲವೇ ಸ್ಕ್ಯಾನಿನ ಕಡ್ಡಿಗೆ ಉದ್ದನೆ ಹಿಡಿ ಕಟ್ಟಿ ಹೊರಗಿಂದಲೇ ನಡೆಸಬೇಕು.

ಇಷ್ಟಾದರೂ ನಿಲ್ಲದಿದ್ದರೆ ಹಾಕಿದ ಮರುದಿನ ಗರ್ಭಕೋಶದಲ್ಲಿ ನೀರು ನಿಂತಿದೆಯಾ ನೋಡಿಸಿ. ವೀರ್ಯ ಬಿದ್ದಾಗ ಒಳಗೆ ಉರಿಯೂತ ಆಗುವುದು ಸಹಜ, ಒಳ್ಳೆಯ ಕುದುರೆ ಅದನ್ನು ಒಂದೆರಡು ದಿನದೊಳಗೆ ಹೊರಹಾಕುತ್ತದೆ. ಕೆಲವು ಹೊರಹಾಕುವುದಿಲ್ಲ. ಅಂಥದ್ದಕ್ಕೆ ವೈದ್ಯರು ಗರ್ಭಕೋಶ ತೊಳೆದು, ಅದು ಹಿಂಡಿ ನೀರು ಹೊರಹಾಕುವಂತೆ ಮಾಡುವ ಆಕ್ಸಿಟೋಸಿನ್ ಕೊಡುತ್ತಾರೆ. ನಿಂತರೂ 14ರಿಂದ 16ನೇ ದಿನದೊಳಗೆ ಸ್ಕ್ಯಾನ್ ಮಾಡಿಸಲೇಬೇಕು. ಅವಳಿ ಇದ್ದರೆ ಒಂದನ್ನು ತೆಗೆಯಲು ಅದೇ ಹೊತ್ತು. ಪುಟ್ಟ ಕುದುರೆ ಅವಳಿ ಹೊತ್ತರೆ ಮರಿಗಳೂ ಉಳಿಯುವುದು ಕಷ್ಟ, ತಾಯಿಗೂ ಅಪಾಯ.

ಅವರು ಎಲ್ಲ ಕೇಳಿಸಿಕೊಂಡು, ಹತ್ತಿರದಲ್ಲಿ ಅಂಥ ಸ್ಕ್ಯಾನ್ ಮಾಡುವವರು ಸಿಗುವವರೆಗೆ ಸ್ಟ್ರಾ ತರಿಸಲ್ಲ ಅಂದರು. ಅಲ್ಲಿಯವರೆಗೆ ಎರಡೂ ಕುದುರೆಗಳ ಬೆದೆಯ ತಾರೀಖು ಬರೆದಿಡಿ ಅಂತ ಹೇಳಿ ಬಂದೆ. ಹೋದ ತಿಂಗಳು ಹೋದಾಗ ಲಾಯದ ಬಾಗಿಲ ಹಿಂದೆ ಕ್ಯಾಲೆಂಡರ್ ನೇತುಬಿದ್ದಿತ್ತು. ಕೆಂಪು ಪೆನ್ನಿನಲ್ಲಿ ಆರು ತಿಂಗಳ ಗುರುತು, ಒಂದು ಕುದುರೆಗೆ 22 ದಿನ, ಇನ್ನೊಂದಕ್ಕೆ 21.